ಕಡಲಿಲ್ಲದ ತಾಲೂಕುಗಳು, ಕಡಲಿನ ಸಿಗಡಿ



ದಕ್ಷಿಣ ಕನ್ನಡ ಜಿಲ್ಲೆಗಿರುವ ಕಡಲತೀರ 42 ಕಿಲೋಮೀಟರು. ಅದರಲ್ಲಿ ಒಂದು ಗಜವೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ನಮ್ಮ ಈ ಮೂರು ತಾಲೂಕುಗಳ ಪಾಲಿಗೆ ಬಂದಿಲ್ಲ. ಹೀಗಿರುವಾಗ ಕಡಲಿನ ಸಿಗಡಿಯ ಬೆಳವಣಿಗೆ ಮತ್ತು ಸಂತಾನೋತ್ಪತ್ತಿಯ ಬಗ್ಗೆ ಇಲ್ಲಿ ನಿಂತು ಮಾತಾಡುವುದು ಏಕೆ ಎಂದು ಸಂಘಟಕರು ಕೇಳಿದ್ದರು. ಅದರಲ್ಲೂ ಸಾವಿರ ಕಂಬದ ಜೈನ ಬಸದಿಯಿರುವ ಈ ಮೂಡುಬಿದಿರೆಯಲ್ಲಿ. ಅಡುಗೆಯ ಮಾತನ್ನು ಆದಷ್ಟು ಎತ್ತುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಏಕೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು: ನಮ್ಮ ಕರಾವಳಿಯ ಸಿಗಡಿ ಯಾವಾಗ ಹುಟ್ಟಬೇಕು, ಎಲ್ಲಿ ಬೆಳೆಯಬೇಕು, ಯಾವಾಗ ಕಡಲಿಗೆ ಮರಳಬೇಕು ಎಂಬುದನ್ನು ನಿರ್ಧರಿಸುವುದು ಹೊಳೆಯ ನೀರು. ಆ ನೀರು ಇಲ್ಲಿಂದ ಹೋಗುತ್ತದೆ.

ಎಳನೀರು, ಕುದುರೆಮುಖದ ಮಗ್ಗುಲಿಂದ ಇಳಿಯುವ ನೇತ್ರಾವತಿ ಬೆಳ್ತಂಗಡಿ ತಾಲೂಕನ್ನು ಹಾಯ್ದು, ಧರ್ಮಸ್ಥಳದ ಸ್ನಾನಘಟ್ಟವನ್ನು ಮುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರು, ತುಂಬೆ ದಾಟಿ ಕಡಲು ಸೇರುತ್ತದೆ. ವೇಣೂರಿನ ಪಕ್ಕ ಹರಿಯುವ ಫಲ್ಗುಣಿ ಕೆಳಗೆ ಗುರುಪುರ ಹೊಳೆಯೆನಿಸಿಕೊಂಡು ಅದೇ ಅಳಿವೆಗೆ ಬರುತ್ತದೆ. ಮೂಡುಬಿದಿರೆಯ ಪಡುವಣ ಬದಿಯ ತೊರೆಗಳಲ್ಲಿ ಕೆಲವು ಮೂಲ್ಕಿಯ ಅಳಿವೆಗೆ ಹೋಗುತ್ತವೆ. ಉಳ್ಳಾಲ, ಬೆಂಗ್ರೆ, ಮೂಲ್ಕಿಯ ಆ ಉಪ್ಪು ಸಿಹಿ ಬೆರೆತ ನೀರೇ ಸಿಗಡಿ ಮರಿಗಳ ತೊಟ್ಟಿಲು.

ಈಗ ಪಠ್ಯಪುಸ್ತಕದ ಕಡೆಗೆ ಬರುತ್ತೇನೆ, ಏಕೆಂದರೆ ನಮ್ಮ ವಿದ್ಯಾರ್ಥಿಗಳು ಎಡವುವುದು ಅಲ್ಲಿ. ಸಿಗಡಿಯ ಬದುಕಿನ ಬಗ್ಗೆ ಕಾಲೇಜುಗಳಲ್ಲಿ ಓದುವ ಚಿತ್ರದ ಬಹುಪಾಲು ಉಪೋಷ್ಣ ವಲಯದ ಕಡಲುಗಳಿಂದ ಬಂದದ್ದು: ಜಪಾನಿನ ದಕ್ಷಿಣ ತೀರ, ಅಮೆರಿಕದ ಫ್ಲಾರಿಡಾ ಮತ್ತು ಮೆಕ್ಸಿಕೊ ಕೊಲ್ಲಿ, ಆಸ್ಟ್ರೇಲಿಯಾದ ಮೂಡಣ ಕರಾವಳಿ. ಜಪಾನಿನ ಮೊಟೊಸಾಕು ಹುಡಿನಾಗ ಎಂಬ ವಿಜ್ಞಾನಿ 1930ರ ದಶಕದಲ್ಲಿ ಕುರುಮಾ ಸಿಗಡಿಯಿಂದ ಪ್ರಯೋಗಾಲಯದಲ್ಲಿ ಮೊಟ್ಟೆ ಇಡಿಸಿ, ಹುಟ್ಟಿದ ಮರಿಗಳನ್ನು ಹಂತ ಹಂತವಾಗಿ ಸಾಕಿ, 1942ರಲ್ಲಿ ಅದರ ಪೂರ್ಣ ವಿವರ ಪ್ರಕಟಿಸಿದರು. ಜಗತ್ತಿನ ಇವತ್ತಿನ ಸಿಗಡಿ ಕೃಷಿಯೆಲ್ಲ ಆ ಪ್ರಬಂಧದ ಮೇಲೆ ನಿಂತಿದೆ ಎಂದರೆ ಉತ್ಪ್ರೇಕ್ಷೆಯಾಗದು. ಮರಿಗಳು ಮೊದಲು ಉಣ್ಣುವುದು ಕಣ್ಣಿಗೆ ಕಾಣದ ಡಯಾಟಂ ಪಾಚಿಯನ್ನು, ಅದನ್ನು ಬೆಳೆಸಿ ಕೊಟ್ಟರೆ ಮಾತ್ರ ಅವು ಬದುಕುತ್ತವೆ ಎಂಬುದನ್ನು ಪತ್ತೆ ಹಚ್ಚುವುದಕ್ಕೇ ಅವರಿಗೆ ವರ್ಷಗಳು ಬೇಕಾದವು.

ಆದರೆ ಕುರುಮಾ ಸಿಗಡಿಯ ಕಾಲಗಣನೆ ಬೇರೆ. ಅಲ್ಲಿ ಚಳಿಗಾಲ ಬಂತೆಂದರೆ ನೀರು ತಣ್ಣಗಾಗಿ ಸಿಗಡಿ ಮರಳೊಳಗೆ ಹುದುಗುತ್ತದೆ, ತಿನ್ನುವುದನ್ನು ಬಿಡುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮೊಟ್ಟೆ ಇಡುವುದು ಬೆಚ್ಚನೆಯ ತಿಂಗಳುಗಳಲ್ಲಿ ಮಾತ್ರ. ಬೆಳವಣಿಗೆಯ ರೇಖೆ ಬೇಸಗೆಯಲ್ಲಿ ಏರಿ ಚಳಿಗಾಲದಲ್ಲಿ ಚಪ್ಪಟೆಯಾಗುತ್ತದೆ. ಆಸ್ಟ್ರೇಲಿಯಾದ ರಾಜ ಸಿಗಡಿಯಂತೂ ತಂಪು ನೀರಿನ ನ್ಯೂ ಸೌತ್ ವೇಲ್ಸ್ ತೀರದಲ್ಲಿ ಬೆಳೆದು, ಮೊಟ್ಟೆಯಿಡಲು ಬೆಚ್ಚನೆಯ ಕ್ವೀನ್ಸ್‌ಲೆಂಡ್ ಕಡೆಗೆ ಸಾವಿರ ಕಿಲೋಮೀಟರಿಗೂ ಮೇಲ್ಪಟ್ಟು ನಡೆದುಹೋಗುವುದನ್ನು ಗುರುತುಪಟ್ಟಿ ಕಟ್ಟಿ ಬಿಟ್ಟವರು ಕಂಡಿದ್ದಾರೆ. ಒಟ್ಟಿನಲ್ಲಿ ಉಪೋಷ್ಣ ವಲಯದಲ್ಲಿ ಸಿಗಡಿಯ ಯಜಮಾನ ಉಷ್ಣತೆ.

ಮಂಗಳೂರು ಇರುವುದು ಹದಿಮೂರನೆಯ ಅಕ್ಷಾಂಶದ ಹತ್ತಿರ. ನಮ್ಮ ತೀರದ ಮೇಲ್ಪದರದ ನೀರು ವರ್ಷವಿಡೀ ಸುಮಾರು 26ರಿಂದ 31 ಡಿಗ್ರಿಯೊಳಗೇ ಓಲಾಡುತ್ತದೆ. ತುಳು ಪಂಚಾಂಗದ ಪುಯಿಂತೆಲ್ ತಿಂಗಳ ಬೆಳಗಿನ ಚಳಿ ನಮಗೆ, ಸಿಗಡಿಗಲ್ಲ. ಹಾಗಾಗಿ ಇಲ್ಲಿ ಬೆಳವಣಿಗೆ ನಿಲ್ಲುವ ಋತುವೇ ಇಲ್ಲ. ವರ್ಷದ ಯಾವ ವಾರದಲ್ಲಿ ಬಲೆ ಹಾಕಿದರೂ ಮೊಟ್ಟೆ ತುಂಬಿದ ಒಂದಷ್ಟು ಹೆಣ್ಣುಗಳು ಸಿಗುತ್ತವೆ. ಹಾಗಾದರೆ ಇಲ್ಲಿ ಋತುವನ್ನು ಮಾಡುವವರು ಯಾರು? ಮಳೆ. ಜಿಲ್ಲೆಗೆ ವರ್ಷಕ್ಕೆ ಬೀಳುವ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಬೇಸಗೆಯ ಪಗ್ಗು, ಬೇಶದಲ್ಲಿ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪಾಗಿದ್ದ ಅಳಿವೆ ಮಳೆಗಾಲದ ಆಟಿಯ ಹೊತ್ತಿಗೆ ಹೊಳೆಯಷ್ಟೇ ಸಪ್ಪೆ. ಇಷ್ಟು ದೊಡ್ಡ ಏರಿಳಿತವನ್ನು ಜಪಾನಿನ ಕುರುಮಾ ಸಿಗಡಿ ಕಂಡಿಲ್ಲ. ಪಠ್ಯದ ರೇಖಾಚಿತ್ರವನ್ನು ನಮ್ಮ ಕಡಲಿಗೆ ಹಾಗೆಯೇ ಅಂಟಿಸಬಾರದು ಎನ್ನುವುದು ಅದಕ್ಕೆ.

ನಮ್ಮ ಸಿಗಡಿಗಳಲ್ಲಿ ನಾಲ್ಕನ್ನಾದರೂ ಹೆಸರಿಟ್ಟು ಕರೆಯೋಣ. ತುಳುವಿನಲ್ಲಿ ಎಲ್ಲವೂ ಎಟ್ಟಿ, ಕೊಂಕಣಿಯಲ್ಲಿ ಸುಂಗ್ಟ, ಕುಂದಾಪುರದ ಕಡೆ ಚಟ್ಲಿ. ಶಾಸ್ತ್ರಕ್ಕೆ ಬಂದರೆ, ಬಂದರಿನ ವ್ಯಾಪಾರದಲ್ಲಿ ಮಲಯಾಳದ ಕರಿಕ್ಕಾಡಿ ಎಂಬ ಹೆಸರಿನಿಂದ ಓಡಾಡುವ ಪ್ಯಾರಾಪೀನಿಯಾಪ್ಸಿಸ್ ಸ್ಟೈಲಿಫೆರಾ. ಪೂವಾಲನ್ ಎನ್ನುವ ಸಣ್ಣ ಜಾತಿ ಮೆಟಾಪೀನಿಯಸ್ ಡಾಬ್ಸೋನಿ. ಬಿಳಿ ಸಿಗಡಿ ಪೀನಿಯಸ್ ಇಂಡಿಕಸ್. ಪಟ್ಟೆಗಳ ಟೈಗರ್, ಪೀನಿಯಸ್ ಮೊನೊಡಾನ್. ಪೂವಾಲನ್ ಒಂದು ಗೇಣು ಕೂಡ ಬೆಳೆಯುವುದಿಲ್ಲ. ಟೈಗರ್ ಒಂದು ಅಡಿ ದಾಟಬಲ್ಲದು. ಕರಿಕ್ಕಾಡಿಯನ್ನು ಬೇರೆ ಇಡಬೇಕು. ಅದು ಹುಟ್ಟಿದಲ್ಲಿಂದ ಸಾಯುವವರೆಗೆ ಕಡಲಿನಲ್ಲೇ ಇರುತ್ತದೆ, ಅಳಿವೆಯ ಹಂಗು ಅದಕ್ಕಿಲ್ಲ. ಉಳಿದ ಮೂರಕ್ಕೂ ಬಾಲ್ಯ ಕಳೆಯಲು ಅಳಿವೆ ಬೇಕು.

ಪೂವಾಲನ್ನಿನ ಬದುಕನ್ನು ಮೊದಲು ಕ್ರಮವಾಗಿ ಬರೆದವರು ಎಂ. ಕೃಷ್ಣ ಮೆನನ್, 1950ರ ದಶಕದ ಆರಂಭದಲ್ಲಿ. ನೈಋತ್ಯ ಕರಾವಳಿಯ ಸಿಗಡಿಗಳು ಹೇಗೆ ಪ್ರೌಢವಾಗುತ್ತವೆ, ಯಾವಾಗ ಮೊಟ್ಟೆಯಿಡುತ್ತವೆ ಎಂಬುದನ್ನು 1960ರ ದಶಕದಲ್ಲಿ ಬಿಡಿಸಿದವರು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪಿ. ವೇದವ್ಯಾಸ ರಾವ್. 1947ರಲ್ಲಿ ಹುಟ್ಟಿದ ಆ ಸಂಸ್ಥೆಯ ಕೇಂದ್ರ ಮಂಗಳೂರಿನಲ್ಲೂ ಇದೆ. 1969ರಲ್ಲಿ ದೇಶದ ಮೊಟ್ಟಮೊದಲ ಮೀನುಗಾರಿಕಾ ಕಾಲೇಜು ಶುರುವಾದದ್ದೂ ಮಂಗಳೂರಿನಲ್ಲೇ. ಇವರೆಲ್ಲರ ಕೆಲಸ ಕೈಗೆ ನಿಲುಕುವಷ್ಟು ಹತ್ತಿರವಿದ್ದರೂ ನಮ್ಮ ಪದವಿ ವಿದ್ಯಾರ್ಥಿ ಪರೀಕ್ಷೆಯಲ್ಲಿ ಕುರುಮಾ ಸಿಗಡಿಯನ್ನೇ ಬರೆಯುತ್ತಾನೆ.

ಸಂತಾನೋತ್ಪತ್ತಿಯಿಂದ ಆರಂಭಿಸುತ್ತೇನೆ. ಸಿಗಡಿಯ ಹೆಣ್ಣು ಗಂಡಿಗಿಂತ ದೊಡ್ಡದು. ಗಂಡಿನ ಹೊಟ್ಟೆಯಡಿಯ ಮೊದಲ ಜೋಡಿ ಈಜುಗಾಲುಗಳ ನಡುವೆ ಕೊಳವೆಯಾಕಾರದ ಒಂದು ಅಂಗವಿದೆ, ಪೆಟಾಸ್ಮಾ. ಹೆಣ್ಣಿನ ಎದೆಯಡಿ, ಕೊನೆಯ ನಡೆಗಾಲುಗಳ ನಡುವೆ ಒಂದು ಪುಟ್ಟ ಸಂಪುಟ, ಥೆಲಿಕಂ. ನಮ್ಮ ಜಾತಿಗಳಲ್ಲಿ ಈ ಸಂಪುಟಕ್ಕೆ ಮುಚ್ಚಳದಂಥ ತಟ್ಟೆಗಳಿವೆ. ಹೆಣ್ಣು ಪೊರೆ ಕಳಚಿದ ಕೂಡಲೆ, ಹೊಸ ಚಿಪ್ಪು ಇನ್ನೂ ಮೆತ್ತಗಿರುವ ಆ ಕೆಲವು ಗಂಟೆಗಳಲ್ಲಿ, ಹೆಚ್ಚಾಗಿ ರಾತ್ರಿ ಹೊತ್ತು, ಗಟ್ಟಿ ಚಿಪ್ಪಿನ ಗಂಡು ವೀರ್ಯದ ಪೊಟ್ಟಣವನ್ನು ಅದರೊಳಗೆ ಇಡುತ್ತದೆ. ಅಷ್ಟಕ್ಕೆ ಗರ್ಭಧಾರಣೆ ಆಗಲಿಲ್ಲ. ಮೊಟ್ಟೆ ಬಲಿಯುವವರೆಗೆ ಹೆಣ್ಣು ಆ ಪೊಟ್ಟಣವನ್ನು ಜೋಪಾನವಾಗಿ ಹೊತ್ತಿರುತ್ತದೆ. ಮೊಟ್ಟೆಯನ್ನು ನೀರಿಗೆ ಬಿಡುವಾಗ ಅದನ್ನೂ ಬಿಡುತ್ತದೆ, ಕೂಡುವಿಕೆ ನಡೆಯುವುದು ಹೊರಗೆ, ನೀರಿನಲ್ಲಿ. ಮೊಟ್ಟೆಯಿಡುವ ಮುನ್ನವೇ ಮತ್ತೆ ಪೊರೆ ಬಿಟ್ಟರೆ ಹಳೆಯ ಚಿಪ್ಪಿನೊಂದಿಗೆ ಪೊಟ್ಟಣವೂ ಹೋಯಿತು, ಮತ್ತೆ ಗಂಡು ಸಿಗಬೇಕು.

ಅಂಡಾಶಯ ಬಲಿಯುವುದು ಬರಿಗಣ್ಣಿಗೇ ಕಾಣುತ್ತದೆ. ಮೊದಲು ಪಾರದರ್ಶಕ, ಆಮೇಲೆ ಹಳದಿ ಮಿಶ್ರಿತ ತಿಳಿಹಸಿರು, ಕೊನೆಗೆ ಬೆನ್ನುದ್ದಕ್ಕೂ ಗಾಢ ಹಸಿರು ಪಟ್ಟಿ. ಮಂಗಳೂರು ಬಂದರಿನಲ್ಲಿ ಸಿಗಡಿ ಸುಲಿಯುವ ಹೆಂಗಸರಿಗೆ ಈ ಹಸಿರು ಚೆನ್ನಾಗಿ ಗೊತ್ತು. ನಮ್ಮ ಅಡುಗೆಮನೆಗಳಲ್ಲಿ ಕೊಳೆಯ ನರವೆಂದು ಚಾಕುವಿನ ತುದಿಯಿಂದ ಎಳೆದು ಬಿಸಾಡುವ ಕಪ್ಪು ಗೆರೆ ಬೇರೆ, ಅದು ಕರುಳು. ಅಡುಗೆಯ ಮಾತು ಎತ್ತುವುದಿಲ್ಲ ಎಂದಿದ್ದೆ. ಇದೊಂದು ಅಂಗರಚನೆಯ ಮಾತೆಂದು ಕ್ಷಮಿಸಬೇಕು.

ಒಂದು ಹೆಣ್ಣು ಪೂವಾಲನ್ ಒಂದು ಸಲಕ್ಕೆ ಮೂವತ್ತೈದು ಸಾವಿರದಿಂದ ಒಂದೂವರೆ ಲಕ್ಷದವರೆಗೂ ಮೊಟ್ಟೆ ಹೊರಬಲ್ಲದು. ಬಿಳಿ ಸಿಗಡಿ, ಟೈಗರ್‌ಗಳಲ್ಲಿ ಲೆಕ್ಕ ಹಲವು ಲಕ್ಷಕ್ಕೆ ಹೋಗುತ್ತದೆ. ಕಡಲಿನಲ್ಲಿ ಸಿಗಡಿಯ ಸಂಖ್ಯೆ ವರ್ಷದಿಂದ ವರ್ಷಕ್ಕೆ ಸುಮಾರಾಗಿ ಒಂದೇ ಮಟ್ಟದಲ್ಲಿ ಇರಬೇಕಾದರೆ, ಒಂದು ಹೆಣ್ಣಿನ ಜೀವಮಾನದ ಅಷ್ಟೂ ಮೊಟ್ಟೆಗಳಲ್ಲಿ ಸರಾಸರಿ ಎರಡು ಮಾತ್ರ ಬೆಳೆದು ಮತ್ತೆ ಮೊಟ್ಟೆಯಿಡುವ ಹಂತಕ್ಕೆ ಬಂದರೆ ಸಾಕು. ಉಳಿದದ್ದೆಲ್ಲ ಕಡಲಿನ ಇತರರ ಊಟ. ಲಕ್ಷಗಟ್ಟಲೆ ಮೊಟ್ಟೆಯಿಡುವ ಜೀವಿಗೆ ನಾವು ಎಷ್ಟು ಹಿಡಿದರೂ ಏನಾಗದು ಎಂಬ ವಾದವನ್ನು ಬಂದರಿನಲ್ಲಿ ಬಹಳ ಕೇಳುತ್ತೇವೆ. ಅಷ್ಟು ಮೊಟ್ಟೆ ಇಡಬೇಕಾಗಿ ಬಂದದ್ದೇ ದಾರಿ ಅಷ್ಟು ಕಠಿಣವಾದ್ದರಿಂದ ಎಂಬುದನ್ನು ಆ ವಾದ ಮರೆಯುತ್ತದೆ.

ದಾರಿ ಹೀಗೆ. ಮೊಟ್ಟೆ ಒಂದು ಹಗಲೋ ಒಂದು ರಾತ್ರಿಯೋ ಕಳೆಯುವುದರೊಳಗೆ ಒಡೆಯುತ್ತದೆ. ಹೊರಬರುವುದು ಸಿಗಡಿಯಂತೆ ಕಾಣದ ನಾಪ್ಲಿಯಸ್ ಎಂಬ ಚುಕ್ಕೆ. ಬಾಯಿ ಕೆಲಸ ಮಾಡದು, ಮೊಟ್ಟೆಯ ಬುತ್ತಿಯನ್ನೇ ಕರಗಿಸಿಕೊಂಡು ಹಲವು ಸಲ ಪೊರೆ ಬಿಡುತ್ತದೆ. ಮುಂದೆ ಪ್ರೊಟೊಜೋಯಿಯಾ, ಆಗ ಡಯಾಟಂ ಪಾಚಿ ಸಿಗಲೇಬೇಕು. ಆಮೇಲೆ ಮೈಸಿಸ್, ತಲೆ ಕೆಳಗಾಗಿ ತೇಲುವ ಹಂತ. ಎರಡು ಮೂರು ವಾರಗಳಲ್ಲಿ ಅಕ್ಕಿ ಕಾಳಿನಷ್ಟುದ್ದದ ನಿಜವಾದ ಸಿಗಡಿ ಮರಿ. ಇಷ್ಟೆಲ್ಲ ನಡೆಯುವುದು ದಡದಾಚೆಯ ಉಪ್ಪು ನೀರಿನಲ್ಲಿ. ಮಳೆಗಾಲದಲ್ಲಿ ನಮ್ಮ ಕಡಲಿನ ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇರಿ ಬರುತ್ತದೆ, ಹೊಳೆಗಳೂ ಘಟ್ಟದ ಸಾರವನ್ನು ತಂದು ಸುರಿಯುತ್ತವೆ, ಡಯಾಟಂ ಹಸಿರಾಗಿ ಕವಿಯುತ್ತದೆ. ವರ್ಷವಿಡೀ ಚೂರುಪಾರು ಮೊಟ್ಟೆಯಿಡುವ ಸಿಗಡಿಗಳು ಮಳೆಯ ಆಚೀಚೆ ಭರದಿಂದ ಇಡುವುದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕು.

ಈಗ ಮರಿ ಅಳಿವೆಗೆ ಬರಬೇಕು. ಅಕ್ಕಿ ಕಾಳಿನಷ್ಟಿರುವ ಜೀವ ಹೊಳೆಯ ಸೆಳವಿಗೆ ಎದುರಾಗಿ ಈಜಲಾರದು. ಅದಕ್ಕೊಂದು ಉಪಾಯವಿದೆ. ಉಬ್ಬರದ ನೀರು ಒಳಗೆ ನುಗ್ಗುವಾಗ ತಳ ಬಿಟ್ಟು ಮೇಲೆದ್ದು ಆ ನೀರಿನ ಜೊತೆ ಒಳಗೆ ಬರುತ್ತದೆ. ಇಳಿತ ಶುರುವಾಗಿ ನೀರು ಸಪ್ಪೆಯಾಗುತ್ತಾ ಹೋದಂತೆ ತಳಕ್ಕಿಳಿದು ಕೆಸರಿಗೆ ಅಂಟಿಕೊಳ್ಳುತ್ತದೆ. ಮರುದಿನ ಮತ್ತೆ ಹಾಗೆಯೇ. ಫ್ಲಾರಿಡಾದ ಗುಲಾಬಿ ಸಿಗಡಿಯಲ್ಲಿ ಈ ನಡತೆಯನ್ನು 1960ರ ದಶಕದಲ್ಲಿ ಪ್ರಯೋಗದಿಂದ ತೋರಿಸಿದರು: ನೀರಿನ ಉಪ್ಪು ಚೂರು ತಗ್ಗಿದರೂ ಮರಿಗೆ ಗೊತ್ತಾಗುತ್ತದೆ. ಹೊಳೆಯೆಂಬುದು ಅದಕ್ಕೆ ದಿಕ್ಕು ತೋರುವ ರುಚಿ. ನೇತ್ರಾವತಿಯ ನೀರು ಕಡಲು ಮುಟ್ಟದಿದ್ದರೆ ಆ ರುಚಿ ಎಲ್ಲಿಂದ ಬರಬೇಕು?

ಸೋಣ ಕಳೆದು, ನಿರ್ನಾಲದಲ್ಲಿ ಹೊಳೆಯ ಕೆಂಪು ಇಳಿದು, ಉಪ್ಪು ಮೆಲ್ಲಗೆ ಮೇಲೇರತೊಡಗಿದ ಮೇಲೆ ಅಳಿವೆಯ ಕಾಂಡ್ಲಾ ಬೇರುಗಳ ನಡುವೆ, ಕೆಸರು ತಳದಲ್ಲಿ ಮರಿಗಳು ದಟ್ಟವಾಗುತ್ತವೆ. ಕೊಳೆತ ಎಲೆ, ಹುಳು, ಪಾಚಿ, ಸಿಕ್ಕಿದ್ದನ್ನೆಲ್ಲ ತಿನ್ನುತ್ತವೆ. ಬೆಳವಣಿಗೆ ಮಾತ್ರ ನಮ್ಮ ಮಕ್ಕಳಂತೆ ದಿನಕ್ಕಿಷ್ಟು ಎಂದು ಆಗುವುದಿಲ್ಲ. ಮೈ ಮೇಲಿನ ಚಿಪ್ಪು ಹಿಗ್ಗದು. ಒಳಗೆ ಹೊಸ ಮೆತ್ತನೆಯ ಚಿಪ್ಪು ಸಿದ್ಧವಾದಾಗ ಹಳೆಯದು ತಲೆ ಮತ್ತು ಹೊಟ್ಟೆಯ ನಡುವೆ ಬಿರಿಯುತ್ತದೆ, ಸಿಗಡಿ ಮೈ ಸೆಳೆದುಕೊಂಡು ಹೊರಬಂದು ಗಟಗಟನೆ ನೀರು ಹೀರಿ ಉಬ್ಬುತ್ತದೆ, ಉಬ್ಬಿದ ಅಳತೆಗೆ ಹೊಸ ಚಿಪ್ಪು ಗಟ್ಟಿಯಾಗುತ್ತದೆ. ಬೆಳೆಯುವ ಹುಡುಗನಿಗೆ ಮುಂದಿನ ವರ್ಷಕ್ಕೂ ಆಗಲೆಂದು ಅಮ್ಮ ದೊಗಳೆ ಅಂಗಿ ಹೊಲಿಸಿದ ಹಾಗೆ. ಆಮೇಲೆ ಮುಂದಿನ ಪೊರೆಯವರೆಗೆ ಉದ್ದ ಅಷ್ಟೇ, ಒಳಗೆ ನೀರಿನ ಜಾಗವನ್ನು ಮಾಂಸ ತುಂಬುತ್ತಾ ಬರುತ್ತದೆ. ಹೊಸದಾಗಿ ಪೊರೆ ಬಿಟ್ಟ ಸಿಗಡಿಯನ್ನು ಬೇಯಿಸಿದರೆ ನೀರೊಡೆಯುವುದು ಇದರಿಂದ.

ಹೀಗೆ ಪೊರೆ ಬಿಡುವುದರಿಂದ ವಿಜ್ಞಾನಿಗಳಿಗೆ ಒಂದು ತೊಂದರೆಯೂ ಇದೆ. ಬಂಗುಡೆಯ ಕಿವಿಯೊಳಗಿನ ಹರಳಿನಲ್ಲಿ, ಮೀನಿನ ಹುರುಪೆಯಲ್ಲಿ ಪ್ರಾಯದ ಬಳೆಗಳನ್ನು ಎಣಿಸಬಹುದು. ಸಿಗಡಿ ಪ್ರತಿ ಸಲವೂ ತನ್ನ ಗಟ್ಟಿ ದಾಖಲೆಯನ್ನೆಲ್ಲ ಕಳಚಿ ಎಸೆಯುತ್ತದೆ. ಹಾಗಾಗಿ ತಿಂಗಳು ತಿಂಗಳೂ ಬಂದರಿಗೆ ಹೋಗಿ ಸಾವಿರಾರು ಸಿಗಡಿಗಳ ಉದ್ದ ಅಳೆದು, ಯಾವ ಅಳತೆಯ ಗುಂಪು ಮುಂದಿನ ತಿಂಗಳು ಎಲ್ಲಿಗೆ ಸರಿಯಿತು ಎಂದು ನೋಡಿ ಬೆಳವಣಿಗೆಯನ್ನು ಲೆಕ್ಕ ಹಾಕಬೇಕು. ಉಪೋಷ್ಣ ವಲಯದಲ್ಲಿ ಇದು ಸುಲಭ; ವರ್ಷಕ್ಕೊಂದೇ ಪೀಳಿಗೆ, ಗುಂಪು ಸ್ಪಷ್ಟ. ನಮ್ಮಲ್ಲಿ ವರ್ಷವಿಡೀ ಹುಟ್ಟುವುದರಿಂದ ಗುಂಪುಗಳು ಒಂದರ ಮೇಲೊಂದು ಬೀಳುತ್ತವೆ. ಹಾಗಿದ್ದೂ ಒಂದು ಮಾತು ಗಟ್ಟಿ: ಅಳಿವೆಯ ಬೆಚ್ಚನೆಯ ನೀರಿನಲ್ಲಿ ಬಿಳಿ ಸಿಗಡಿಯ ಮರಿ ದಿನಕ್ಕೆ ಒಂದು ಮಿಲಿಮೀಟರಿನ ಹತ್ತಿರ ಬೆಳೆಯಬಲ್ಲದು, ಕೆಲವೇ ತಿಂಗಳಲ್ಲಿ ಕಡಲಿಗೆ ಮರಳುವ ಗಾತ್ರ ಮುಟ್ಟುತ್ತದೆ. ಒಟ್ಟು ಆಯುಷ್ಯ ಒಂದೆರಡು ವರ್ಷ. ಮರಳದೆ ಅದಕ್ಕೆ ವಿಧಿಯಿಲ್ಲ, ಅಳಿವೆಯಲ್ಲಿ ಅಂಡಾಶಯ ಪೂರ್ತಿ ಬಲಿಯುವುದಿಲ್ಲ.

ಮರಳುವ ದಿನವನ್ನು ಮತ್ತೆ ಮಳೆಯೇ ಗೊತ್ತುಮಾಡುತ್ತದೆ. ಬೇಶದ ಪತ್ತನಾಜೆ ಕಳೆದು ಕಾರ್ತೆಲ್‌ನ ಮೊದಲ ದೊಡ್ಡ ನೆರೆ ಚಾರ್ಮಾಡಿ, ದಿಡುಪೆ ಕಡೆಯಿಂದ ಬಂಟ್ವಾಳಕ್ಕೆ ಇಳಿದು ಬಂದಾಗ ಅಳಿವೆ ಕೆಲವೇ ದಿನಗಳಲ್ಲಿ ಸಪ್ಪೆಯಾಗುತ್ತದೆ, ಅಲ್ಲಿದ್ದ ಎಳೆಯ ಸಿಗಡಿಗಳೆಲ್ಲ ಕಡಲಿಗೆ ದೂಡಲ್ಪಡುತ್ತವೆ. ಮಳೆಗಾಲದಲ್ಲಿ ನಾಡದೋಣಿಯವರಿಗೆ ದಡದ ಹತ್ತಿರವೇ ಸಿಗಡಿ ಸುಗ್ಗಿಯಾಗುವುದು ಉಂಟಲ್ಲ, ಅದರ ಹಿಂದೆ ಈ ನೆರೆಯ ಕೈವಾಡವಿದೆ. 1923ರ ಮತ್ತು 1974ರ ನೆರೆಗಳನ್ನು ಬಂಟ್ವಾಳದವರು ಪೇಟೆ ಮುಳುಗಿದ ವರ್ಷಗಳೆಂದು ನೆನೆಯುತ್ತಾರೆ, 2019ರ ಆಗಸ್ಟನ್ನು ಬೆಳ್ತಂಗಡಿಯವರು ಗುಡ್ಡ ಕುಸಿದ ತಿಂಗಳೆಂದು. ನಮಗೆ ಆಪತ್ತು ಹೌದು. ಆದರೆ ಸಾಮಾನ್ಯ ವರ್ಷದ ಸಾಮಾನ್ಯ ನೆರೆ ಅಳಿವೆಯ ಜೀವಗಳಿಗೆ ಆಪತ್ತಲ್ಲ, ಅದು ಅವುಗಳ ವಾರ್ಷಿಕ ಕಾರ್ಯಕ್ರಮ. ಕಡಲಿಗೆ ಹರಿದ ನೀರು ವ್ಯರ್ಥವಾಯಿತು ಎನ್ನುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೆ. ಎತ್ತಿನಹೊಳೆಯ ಚರ್ಚೆಯಲ್ಲಿ ಈ ಮಾತು ಎಷ್ಟು ಸಲ ಬಂತು! ನೇತ್ರಾವತಿಯ ಮೇಲ್ತೊರೆಗಳಿಂದ 24 ಟಿಎಂಸಿ ನೀರು ಎತ್ತುವ ಯೋಜನೆಯ ಪರ ವಿರೋಧ ಎರಡೂ ಕಡೆ ಬೇಸಾಯ, ಕುಡಿಯುವ ನೀರು, ಕಾಡು, ರಾಜಕೀಯ ಎಲ್ಲ ಬಂದವು. ಕೆಳಗಿನ ಸಿಗಡಿ ಮರಿಯ ಹೆಸರನ್ನು ಎತ್ತಿದವರು ಕಡಿಮೆ.

ಇಲ್ಲಿಯವರೆಗೆ ಕಡಲಲ್ಲಿ ಹುಟ್ಟಿ ಅಳಿವೆಗೆ ಬರುವವರ ಕತೆ. ಇನ್ನೊಬ್ಬರಿದ್ದಾರೆ, ಅವರ ಪ್ರಯಾಣ ತಿರುಗುಮುರುಗು. ನೀಲಿ ಕೈಗಳ, ದೊಡ್ಡ ತಲೆಯ ಸುದೆತ ಎಟ್ಟಿ, ನಮ್ಮ ಹೊಳೆಯ ಸಿಗಡಿ. ಮ್ಯಾಕ್ರೋಬ್ರಾಕಿಯಂ ಎಂಬ ಕುಲದವು. ಅದರಲ್ಲಿ ರೋಸೆನ್‌ಬರ್ಗಿ ಎಂಬುದು ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸಿಗಡಿಗಳಲ್ಲೊಂದು. ಕೆನರಾ ನಾಡಿನ ಹೆಸರನ್ನೇ ಹೊತ್ತ ಕೆನರೆ ಎಂಬ ಪುಟ್ಟ ಜಾತಿಯೂ ಈ ಕುಲದಲ್ಲಿದೆ. ಇವುಗಳ ಹೆಣ್ಣು ಮೊಟ್ಟೆಯನ್ನು ನೀರಿಗೆ ಚೆಲ್ಲುವುದಿಲ್ಲ. ಹೊಟ್ಟೆಯಡಿಯ ಈಜುಗಾಲುಗಳಿಗೆ ಗೊಂಚಲಾಗಿ ಅಂಟಿಸಿಕೊಂಡು, ನೀರು ಬೀಸಿ, ಕಸ ತೆಗೆದು, ಮೂರು ವಾರ ಹೊತ್ತು ತಿರುಗುತ್ತದೆ. ಕಿತ್ತಳೆ ಬಣ್ಣದ ಗೊಂಚಲು ಬೂದುಬಣ್ಣಕ್ಕೆ ತಿರುಗಿದಾಗ ಮೊಟ್ಟೆ ಒಡೆಯುವ ಸಮಯ ಬಂತು ಎಂದರ್ಥ.

ರೋಸೆನ್‌ಬರ್ಗಿಯನ್ನು ಸಾಕಲು ಹೊರಟವರು ಬಹಳ ವರ್ಷ ಸೋತರು. ಸಿಹಿನೀರಿನ ಜೀವಿಯ ಮರಿಗಳು ಸಿಹಿನೀರಿನಲ್ಲಿ ನಾಲ್ಕೈದು ದಿನಕ್ಕೇ ಸಾಯುತ್ತಿದ್ದವು. 1960ರ ದಶಕದ ಆರಂಭದಲ್ಲಿ ಮಲೇಷ್ಯಾದ ಪೆನಾಂಗ್‌ನಲ್ಲಿ ಶಾವೊ ವೆನ್ ಲಿಂಗ್ ಎಂಬ ವಿಜ್ಞಾನಿ ಅವಕ್ಕೆ ಉಪ್ಪು ಬೇಕೆಂದು ಕಂಡುಹಿಡಿದರು: ಕಡಲಿನ ಮೂರರಲ್ಲೊಂದು ಪಾಲಿನಷ್ಟು, ಸುಮಾರು ಸಾವಿರಕ್ಕೆ ಹನ್ನೆರಡರಷ್ಟು ಉಪ್ಪು, ಅದರಲ್ಲಿ ಹನ್ನೊಂದು ಹಂತ ದಾಟಲು ಕೆಲವು ವಾರ. ಅಂದರೆ ಬಂಟ್ವಾಳದ ಮಡುವಿನಲ್ಲಿ ಬೆಳೆದ ತಾಯಿ ಮರಿ ಬಿಡಲು ಅಳಿವೆಗೆ ಇಳಿಯಬೇಕು, ಮರಿ ದೊಡ್ಡದಾಗುತ್ತಾ ಹೊಳೆ ಹತ್ತಿ ವಾಪಸು ಬರಬೇಕು. ಈ ಮರಿಗಳು ದಡದ ಅಂಚು ಹಿಡಿದು ಸಾಲಾಗಿ ಮೇಲೇರುತ್ತವೆ, ಎದುರು ಕಲ್ಲು ಬಂದರೆ ಒದ್ದೆ ಕಲ್ಲಿನ ಮೇಲೆ ನಡೆದೂ ಹತ್ತುತ್ತವೆ. ಮಳೆಗಾಲದ ಮೊದಲ ನೀರಿಗೆ ಗದ್ದೆ ತೋಡುಗಳಲ್ಲಿ ಏರಿ ಬರುವ ಮೀನನ್ನು ಉಬರ್ ಮೀನೆಂದು ಕಾದು ಹಿಡಿಯುವವರು ಈ ಸಭೆಯಲ್ಲೂ ಇರಬಹುದು. ಆ ಏರುವ ಆತುರದಲ್ಲಿ ಸಿಗಡಿಗೂ ಪಾಲಿದೆ.

ಇವುಗಳ ಗಂಡಿನ ಸಮಾಜದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಒಂದೇ ದಿನ ಹುಟ್ಟಿದ ಗಂಡುಗಳಲ್ಲಿ ಮೂರು ವರ್ಗ ಮೂಡುತ್ತದೆ. ಉದ್ದ ನೀಲಿ ಕೈಯ ಯಜಮಾನರು ಜಾಗ ಹಿಡಿದು ಹೆಣ್ಣುಗಳನ್ನು ಕಾಯುತ್ತಾರೆ, ಬೆಳೆಯುವುದು ಮಾತ್ರ ನಿಂತಿರುತ್ತದೆ. ಕಿತ್ತಳೆ ಕೈಯವರು ಜಗಳಕ್ಕೆ ಹೋಗದೆ ಬೆಳೆಯುತ್ತಿರುತ್ತಾರೆ. ಮೂರನೆಯವರು ಕುಳ್ಳರು, ಯಜಮಾನರ ಕಣ್ಣು ತಪ್ಪಿಸಿ ಹೆಣ್ಣಿನ ಬಳಿ ನುಸುಳುವವರು. ನೀಲಿ ಕೈಯವನನ್ನು ತೆಗೆದುಬಿಟ್ಟರೆ ಉಳಿದವರು ಸರಸರ ಬೆಳೆಯುತ್ತಾರೆ, ಕಿತ್ತಳೆ ಕೈಯವನೊಬ್ಬ ನೀಲಿಯಾಗುತ್ತಾನೆ. ಇಸ್ರೇಲಿನ ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದ ಮೇಲೆ ಕೊಳಗಳಿಂದ ದೊಡ್ಡವನ್ನು ಆಗಾಗ ಆರಿಸಿ ಹಿಡಿಯುವ ಪದ್ಧತಿ ಹಬ್ಬಿತು. ನಮ್ಮ ಗುತ್ತು, ಬರ್ಕೆ ಮನೆತನಗಳ ಇತಿಹಾಸ ಓದಿದವರಿಗೆ ಇದರಲ್ಲಿ ಹೊಸತೇನೂ ಕಾಣಲಿಕ್ಕಿಲ್ಲ.

ಕೊಳದ ಮಾತು ಬಂತು, ಸಾಕಣೆಯನ್ನು ಬೇಗ ಮುಗಿಸುತ್ತೇನೆ. ಸಿಗಡಿಯ ಕಣ್ಣಿನ ತೊಟ್ಟಿನಲ್ಲಿ ಅಂಡಾಶಯವನ್ನು ತಡೆದು ಹಿಡಿಯುವ ಒಂದು ಹಾರ್ಮೋನು ಇದೆ ಎಂದು 1940ರ ದಶಕದಲ್ಲಿ ಫ್ರಾನ್ಸಿನಲ್ಲಿ ತಿಳಿಯಿತು. ಒಂದು ಕಣ್ಣಿನ ತೊಟ್ಟನ್ನು ಕತ್ತರಿಸಿದರೆ ತಡೆ ಹೋಗಿ ಮೊಟ್ಟೆ ಬಲಿಯುತ್ತದೆ. ಕೇರಳದ ನಾರಕ್ಕಲ್ ಪ್ರಯೋಗಾಲಯದಲ್ಲಿ ಎಂ. ಎಸ್. ಮುತ್ತು ಮತ್ತು ಎ. ಲಕ್ಷ್ಮೀನಾರಾಯಣ 1977ರಲ್ಲಿ ಇದನ್ನು ಭಾರತದ ಸಿಗಡಿಗಳಲ್ಲಿ ಸಾಧಿಸಿದರು. ವಿಜ್ಞಾನವಾಗಿ ಅದು ದೊಡ್ಡ ಹೆಜ್ಜೆ. ಆದರೆ ಕಣ್ಣು ಕತ್ತರಿಸಿ ಬಸಿರು ಮಾಡಿಸುವ ಈ ವಿಧಾನವನ್ನು ಈ ಬಸದಿಗಳ ಊರಿನಲ್ಲಿ ನಿಂತು ವಿವರಿಸುವಾಗ ಗಂಟಲು ಸ್ವಲ್ಪ ಕಟ್ಟುತ್ತದೆ. 1990ರ ದಶಕದಲ್ಲಿ ಟೈಗರ್ ಕೊಳಗಳು ಕರಾವಳಿಯಲ್ಲಿ ಎದ್ದವು, ಬಿಳಿಚುಕ್ಕೆ ವೈರಸ್ ಬಂದು ಹಲವು ಬಿದ್ದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರದ ಕೊಳಗಳಿಗೆ ಕಡಿವಾಣ ಹಾಕಿತು, 2005ರಲ್ಲಿ ಅದಕ್ಕೆಂದೇ ಒಂದು ಪ್ರಾಧಿಕಾರದ ಕಾನೂನು ಬಂತು, 2009ರ ಹೊತ್ತಿಗೆ ಅಮೆರಿಕ ಮೂಲದ ವನ್ನಾಮಿ ಸಿಗಡಿ ಕಾಲಿಟ್ಟಿತು. ಇದೆಲ್ಲಕ್ಕಿಂತ ಕುಮಟಾದ ಅಘನಾಶಿನಿ ಗಜನಿ ಗದ್ದೆಗಳ ಹಳೆಯ ಕ್ರಮವೇ ನನಗೆ ಮೆಚ್ಚು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ತೂಬು ತೆಗೆದು ಉಬ್ಬರದ ಜೊತೆ ಬರುವ ಸಿಗಡಿ ಮರಿಗೆ ಅದೇ ಗದ್ದೆ. ಮರಿಯ ಕ್ಯಾಲೆಂಡರು ಗೊತ್ತಿದ್ದ ರೈತರು ಅವರು.

ಇನ್ನು ಅಣೆಕಟ್ಟುಗಳು. ಮಂಗಳೂರು ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನು. ಅದರ ಮೇಲೆ ಶಂಭೂರಿನಲ್ಲಿ ಕಿರು ಜಲವಿದ್ಯುತ್ತಿನ ಕಟ್ಟೆ, ನಡುವೆ ಬಂಟ್ವಾಳದ ಆಸುಪಾಸಿನಲ್ಲಿ ಇನ್ನೂ ಕೆಲವು. ಫಲ್ಗುಣಿಗೆ ಮರವೂರಿನಲ್ಲಿ ಕಟ್ಟೆಯಿದೆ. ಕೆಳಗೆ ಅಡ್ಯಾರು ಮತ್ತು ಹರೇಕಳದ ನಡುವೆ ಉಪ್ಪು ನೀರು ಮೇಲೇರದಂತೆ ತಡೆಯುವ ಸೇತುವೆ ಸಹಿತ ಅಣೆಕಟ್ಟು ಎದ್ದಿದೆ. ಬಾವಿಗಳಿಗೆ ಉಪ್ಪು ಬಾರದಿರಲಿ ಎಂಬ ಅಲ್ಲಿಯವರ ಬೇಡಿಕೆ ನ್ಯಾಯವಾದದ್ದು, ನಗರಕ್ಕೆ ನೀರು ಬೇಕೆಂಬುದೂ ನ್ಯಾಯವೇ. ನಾನು ಕೇಳುವುದು ಕಿಂಡಿಗಳಿಗೆ ಹಲಗೆ ಹಾಕುವ ಮತ್ತು ತೆಗೆಯುವ ದಿನದ ಬಗ್ಗೆ. ಉಪ್ಪು ಮೇಲೇರುವ, ಕಡಲ ಸಿಗಡಿಯ ಮರಿಗಳು ಒಳಗೆ ಬರುವ ಹೊತ್ತಿಗೆ ಸರಿಯಾಗಿ ಕೆಳಗಿನ ಹಲಗೆಗಳು ಬೀಳುತ್ತವೆ. ಮರಿಗಳ ತೊಟ್ಟಿಲು ಹೊಳೆಯ ಉದ್ದಕ್ಕೆ ಹರಡಿದ್ದದ್ದು ಅಳಿವೆಯ ಬಾಯಿಯ ಹತ್ತಿರದ ಒಂದು ತುಂಡಿಗೆ ಕುಗ್ಗುತ್ತದೆ. ಆ ತುಂಡಿನಲ್ಲೇ ಮರಳುಗಾರಿಕೆ ತಳವನ್ನು ಕೆರೆಯುತ್ತದೆ. ಮೊಟ್ಟೆ ಹೊತ್ತ ಹೊಳೆಸಿಗಡಿಗೆ ಮಳೆಗಾಲ ಕಳೆದ ಮೇಲೆ ಇಳಿಯುವ ದಾರಿಯಿಲ್ಲ, ಮರಿಗೆ ಹತ್ತುವ ದಾರಿಯಿಲ್ಲ.

ಬೆಳ್ತಂಗಡಿಯ ಶಿಶಿಲದಲ್ಲಿ ಕಪಿಲಾ ಹೊಳೆಯ ಪೆರುವೋಲು ಮೀನುಗಳಿಗೆ ಶಿಶಿಲೇಶ್ವರನ ರಕ್ಷಣೆಯಿದೆ. 1996ರಲ್ಲಿ ಯಾರೋ ವಿಷ ಹಾಕಿ ಅವು ರಾಶಿ ರಾಶಿ ಸತ್ತಾಗ ಇಡೀ ಜಿಲ್ಲೆ ಮರುಗಿತು. ಸಿಗಡಿಯನ್ನು ಯಾವ ದೇವರೂ ವಹಿಸಿಕೊಂಡಿಲ್ಲ. ಅದಕ್ಕಿರುವುದು 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ರಜೆ, ಬಲೆಯ ಕಣ್ಣಿನ ಅಳತೆಯ ನಿಯಮ. ರಜೆ ಒಳ್ಳೆಯದು, ಮಳೆಗಾಲದ ಮೊಟ್ಟೆ ಸಿಗಡಿಗೆ ಅದರಿಂದ ಉಸಿರು ಸಿಕ್ಕಿದೆ. ಅಳಿವೆಯ ಮರಿಗೆ ಮಾತ್ರ ಅದು ತಾಕುವುದಿಲ್ಲ. ಮರಿ ಅಳಿವೆಯಲ್ಲಿರುವುದು ಬೊಂತೆಲ್‌ನಿಂದ ಬೇಶದವರೆಗೆ, ಅಂದರೆ ಮಳೆ ಕಳೆದಲ್ಲಿಂದ ಮುಂದಿನ ಮಳೆಯವರೆಗೆ, ಆಗ ಅಲ್ಲಿ ಸಣ್ಣ ಕಣ್ಣಿನ ಬಲೆಗಳಿಗೆ ಕಾವಲಿಲ್ಲ.

ಆದ್ದರಿಂದ ಈ ಸಭೆಗೆ ಮೂರು ವಿನಂತಿ ಇಟ್ಟು ಕೂರುತ್ತೇನೆ. ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಕುರುಮಾ ಸಿಗಡಿಯ ಚಿತ್ರ ಬರೆಸುವುದರ ಜೊತೆಗೆ ತುಂಬೆಯಿಂದ ಉಳ್ಳಾಲದವರೆಗೆ ತಿಂಗಳಿಗೊಮ್ಮೆ ನೀರಿನ ಉಪ್ಪು ಅಳೆದು ಮರಿಗಳನ್ನು ಎಣಿಸುವ ಕೆಲಸ ಹಿಡಿಯಲಿ. ಅದಕ್ಕೆ ದೊಡ್ಡ ಉಪಕರಣ ಬೇಡ, ಹತ್ತು ವರ್ಷದ ತಾಳ್ಮೆ ಬೇಕು. ಕಿಂಡಿ ಅಣೆಕಟ್ಟು ಕಟ್ಟುವ ಇಲಾಖೆಗಳು ದಡದ ಒಂದು ಬದಿಯಲ್ಲಿ ಒರಟು ಕಲ್ಲಿನ, ಸದಾ ಒದ್ದೆಯಾಗಿರುವ ಕಿರಿದಾದ ಇಳಿಜಾರು ಬಿಡಲಿ. ಹೊಳೆಸಿಗಡಿಯ ಮರಿಗೆ ಅಷ್ಟು ಸಾಕು. ಕೊನೆಯದು ನಮ್ಮ ಪಂಚಾಯತುಗಳಿಗೆ. ವರ್ಷವರ್ಷವೂ ಅಣೆಕಟ್ಟಿಗೆ ಹಲಗೆ ಹಾಕುವ ದಿನ ಗೊತ್ತುಮಾಡುವ ಸಭೆಗೆ ಎಂಜಿನಿಯರನ್ನು, ಕೃಷಿಕರನ್ನು ಕರೆಯುತ್ತೀರಿ. ಈ ವರ್ಷದಿಂದ ಬೆಂಗ್ರೆಯ ಅಥವಾ ಉಳ್ಳಾಲದ ಮೀನುಗಾರನೊಬ್ಬನನ್ನೂ ಕರೆಯಿರಿ.